ನದಿಮೂಲ ಕೇಳಬಾರದಂತೆ, ಅಂಕಿಯ ಮೂಲ ಮಾತ್ರ ಕೇಳಲೇಬೇಕು

ನಮ್ಮ ಚಿಕ್ಕಪ್ಪ ಒಂದೇ ವಾರದಲ್ಲಿ ಎರಡು ವಾಟ್ಸಾಪ್ ಮೆಸೇಜ್ ಕಳಿಸಿದರು. ಮೊದಲನೆಯದು, ‘2035ಕ್ಕೆ ಹಿಮಾಲಯದ ಹಿಮನದಿಗಳೆಲ್ಲ ಮಾಯ, ಗಂಗೆ ಬತ್ತಿಹೋಗುತ್ತಾಳೆ, ಎಲ್ಲರಿಗೂ ತಿಳಿಸಿ’. ಎರಡನೆಯದು, ‘ಹಿಮಾಲಯ ಕರಗುತ್ತದೆ ಅಂದಿದ್ದು ಸುಳ್ಳು ಅಂತ ವಿಶ್ವಸಂಸ್ಥೆಯೇ ಒಪ್ಪಿಕೊಂಡಿದೆ, ಹವಾಮಾನ ಬದಲಾವಣೆ ಅನ್ನೋದೇ ದೊಡ್ಡ ಬೋಗಸ್’. ಎರಡರ ಕೆಳಗೂ ಅದೇ ಕೈಮುಗಿದ ಇಮೋಜಿ. ಎರಡೂ ತಪ್ಪು. ತಮಾಷೆ ಏನಂದ್ರೆ ಎರಡೂ ಹುಟ್ಟಿದ್ದು ಒಂದೇ ಕಡೆ, ಸಾವಿರ ಪುಟದ ಒಂದು ವರದಿಯ ಒಂದೇ ಒಂದು ಪ್ಯಾರಾದಲ್ಲಿ.

ನದಿಮೂಲ, ಋಷಿಮೂಲ ಕೆದಕಬಾರದು ಅನ್ನುವ ಮಾತು ನಮ್ಮಲ್ಲಿ ಇದೆಯಲ್ಲ, ಹವಾಮಾನದ ಸುದ್ದಿ ಓದುವಾಗ ಅದನ್ನು ಪಕ್ಕಕ್ಕಿಡಬೇಕು. ಇಲ್ಲಿ ಮೂಲ ಕೆದಕುವುದೇ ಕೆಲಸ. ಯಾರನ್ನು ನಂಬಬೇಕು ಅಂತ ಎಲ್ಲರೂ ಕೇಳುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದಿರುವುದು ಬೇರೆ ಎರಡು ಪ್ರಶ್ನೆ. ಈ ಅಂಕಿ ಮೊದಲು ಎಲ್ಲಿ ಹುಟ್ಟಿತು? ಇದು ತಪ್ಪಾಗಿದ್ದರೆ ಹಿಡಿಯುವವರು ಯಾರಾದರೂ ಇದ್ದಾರಾ? ಆ 2035ರ ಕತೆಯನ್ನು ಪೂರ್ತಿ ಹೇಳಿಬಿಡುತ್ತೇನೆ, ಈ ಎರಡು ಪ್ರಶ್ನೆ ಯಾಕೆ ಅಂತ ಆಗ ಗೊತ್ತಾಗುತ್ತದೆ.

ವರದಿ ಬರೆದದ್ದು ಐಪಿಸಿಸಿ. 1988ರಲ್ಲಿ ವಿಶ್ವ ಹವಾಮಾನ ಸಂಸ್ಥೆಯೂ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವೂ ಸೇರಿ ಕಟ್ಟಿದ ಸಮಿತಿ ಇದು. ಇದಕ್ಕೆ ಸ್ವಂತ ಪ್ರಯೋಗಾಲಯ ಇಲ್ಲ, ಉಪಗ್ರಹ ಇಲ್ಲ. ಜಗತ್ತಿನಲ್ಲಿ ಪ್ರಕಟವಾದ ಸಂಶೋಧನೆಗಳನ್ನೆಲ್ಲ ಓದಿ, ಅಳೆದು ತೂಗಿ, ಯಾವುದು ಗಟ್ಟಿ ಯಾವುದು ಜೊಳ್ಳು ಅಂತ ಹೇಳುವುದಷ್ಟೇ ಇದರ ಕೆಲಸ. 2007ರಲ್ಲಿ ಇದರ ನಾಲ್ಕನೇ ಸುತ್ತಿನ ವರದಿ ಬಂತು, ಮೂರು ಸಂಪುಟ. ಮೊದಲನೆಯದು ಭೂಮಿ ಎಷ್ಟು ಬಿಸಿಯಾಗುತ್ತಿದೆ, ಯಾಕೆ ಅನ್ನುವುದು. ಎರಡನೆಯದು ಅದರಿಂದ ಎಲ್ಲೆಲ್ಲಿ ಏನೇನಾಗುತ್ತದೆ ಅನ್ನುವುದು. ಮೂರನೆಯದು ಏನು ಮಾಡಬಹುದು ಅನ್ನುವುದು. ಎರಡನೇ ಸಂಪುಟದ 10ನೇ ಅಧ್ಯಾಯ ಏಷ್ಯಾದ್ದು. ಅದರಲ್ಲಿ ಹಿಮಾಲಯದ ಬಗ್ಗೆ ಒಂದು ಪ್ಯಾರಾ. ಈಗಿನ ವೇಗದಲ್ಲೇ ಬಿಸಿ ಏರಿದರೆ 2035ಕ್ಕೆ, ಅಥವಾ ಅದಕ್ಕೂ ಮೊದಲೇ, ಅಲ್ಲಿನ ಹಿಮನದಿಗಳು ಇಲ್ಲವಾಗುವ ಸಾಧ್ಯತೆ ತುಂಬಾ ಹೆಚ್ಚು ಅಂತ ಅಲ್ಲಿ ಬರೆದಿತ್ತು. ಒಟ್ಟು ವಿಸ್ತೀರ್ಣ 5 ಲಕ್ಷ ಚದರ ಕಿಲೋಮೀಟರಿನಿಂದ 1 ಲಕ್ಷಕ್ಕೆ ಇಳಿಯುತ್ತದೆ ಅಂತಲೂ ಇತ್ತು.

ಮಾಯವೂ ಆಗುತ್ತದೆ, 1 ಲಕ್ಷ ಚದರ ಕಿಲೋಮೀಟರ್ ಉಳಿಯುವುದೂ ಉಳಿಯುತ್ತದೆ, ಎರಡೂ 2035ಕ್ಕೇ! ಇನ್ನೂ ಮಜಾ ಇದೆ. ಅದೇ ಭಾಗದಲ್ಲಿ ಹಿಮಾಲಯದ ಹಿಮನದಿಗಳ ವಿಸ್ತೀರ್ಣ 30 ಲಕ್ಷ ಹೆಕ್ಟೇರ್ ಅಂತ ಬರೆದಿದೆ. ಅಂದ್ರೆ 30 ಸಾವಿರ ಚದರ ಕಿಲೋಮೀಟರ್. ಇರುವುದೇ 30 ಸಾವಿರ ಆದರೆ 5 ಲಕ್ಷ ಎಲ್ಲಿಂದ ಬಂತು? ಹೈಸ್ಕೂಲ್ ಹುಡುಗ ಭಾಗಾಕಾರ ಮಾಡಿದ್ದರೂ ಸಿಕ್ಕಿಬೀಳುತ್ತಿತ್ತು.

ಈ ವಾಕ್ಯದ ಪಕ್ಕ ಆಧಾರ ಅಂತ ಕೊಟ್ಟಿದ್ದು ಯಾವುದೋ ವಿಜ್ಞಾನ ಜರ್ನಲ್‌ನ ಪ್ರಬಂಧವನ್ನಲ್ಲ. ಡಬ್ಲ್ಯುಡಬ್ಲ್ಯುಎಫ್ ಎಂಬ ವನ್ಯಜೀವಿ ಸಂಸ್ಥೆ 2005ರಲ್ಲಿ ತಂದ ವರದಿಯನ್ನು. ಆ ವರದಿಗೆ ಅಂಕಿ ಸಿಕ್ಕಿದ್ದು 1999ರ ‘ನ್ಯೂ ಸೈಂಟಿಸ್ಟ್’ ವಾರಪತ್ರಿಕೆಯ ಒಂದು ಸುದ್ದಿಯಿಂದ. ಆ ಸುದ್ದಿಗೆ ಸಿಕ್ಕಿದ್ದು ಒಬ್ಬ ಭಾರತೀಯ ಹಿಮನದಿ ತಜ್ಞರ ಜೊತೆ ಆಡಿದ ಮಾತಿನಿಂದ. ಅಷ್ಟೇ. ಅದರ ಹಿಂದೆ ಅಳತೆ ಇಲ್ಲ, ಲೆಕ್ಕ ಇಲ್ಲ, ಬೇರೆ ವಿಜ್ಞಾನಿಗಳು ತಿದ್ದಿ ಒಪ್ಪಿದ ಪ್ರಬಂಧ ಇಲ್ಲ. ಬಾಯಿಂದ ಪತ್ರಿಕೆಗೆ, ಪತ್ರಿಕೆಯಿಂದ ಸಂಸ್ಥೆಯ ವರದಿಗೆ, ಅಲ್ಲಿಂದ ಐಪಿಸಿಸಿಗೆ, ಐಪಿಸಿಸಿಯಿಂದ ಜಗತ್ತಿನ ಪತ್ರಿಕೆಗಳಿಗೆ. ಒಂದೊಂದು ಮೆಟ್ಟಿಲು ಹತ್ತಿದಾಗಲೂ ಅಂಕಿಯ ಮರ್ಯಾದೆ ಹೆಚ್ಚಾಗುತ್ತಾ ಹೋಯಿತು, ಅದರ ಕೆಳಗಿನ ಬುನಾದಿ ಮಾತ್ರ ಹಾಗೇ ಟೊಳ್ಳಾಗಿ ಉಳಿಯಿತು.

ಸಿಕ್ಕಿಬಿದ್ದದ್ದು ಹೇಗೆ? 2009ರ ನವೆಂಬರಿನಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ನಿವೃತ್ತ ಅಧಿಕಾರಿ ವಿ.ಕೆ. ರೈನಾ ಹಿಮಾಲಯದ ಹಿಮನದಿಗಳ ಬಗ್ಗೆ, ಅಸಹಜವಾಗಿ ಕರಗುತ್ತಿರುವುದೇನೂ ಕಾಣುತ್ತಿಲ್ಲ ಅನ್ನುವ ಧಾಟಿಯಲ್ಲಿ, ಒಂದು ವರದಿ ಬರೆದರು. ಅದನ್ನು ಬಿಡುಗಡೆ ಮಾಡಿದ್ದು ಆಗ ಕೇಂದ್ರದ ಪರಿಸರ ಸಚಿವರಾಗಿದ್ದ, ನಮ್ಮ ಚಿಕ್ಕಮಗಳೂರಿನಲ್ಲೇ ಹುಟ್ಟಿದ ಜೈರಾಮ್ ರಮೇಶ್. ಐಪಿಸಿಸಿ ಅಧ್ಯಕ್ಷ ಆರ್.ಕೆ. ಪಚೌರಿ ಸಿಟ್ಟಾಗಿ ಅದನ್ನು ಮಾಟಮಂತ್ರದ ವಿಜ್ಞಾನ ಅಂದುಬಿಟ್ಟರು. ಅದೇ ಹೊತ್ತಿಗೆ ಕೆನಡಾದ ಗ್ರಹಾಂ ಕಾಗ್ಲಿ ಅನ್ನುವ ಹಿಮನದಿ ತಜ್ಞ ಕೂತು ಈ ಅಂಕಿಯ ಮೂಲ ಹುಡುಕುತ್ತಿದ್ದರು, ಒಂದೊಂದೇ ಮೆಟ್ಟಿಲು ಇಳಿದು 1999ರ ಸುದ್ದಿಯವರೆಗೆ ಹೋದರು. 2010ರ ಜನವರಿ 20ರಂದು ಐಪಿಸಿಸಿ ವಿಷಾದ ಹೇಳಿತು. ಅದೇ ತಿಂಗಳು ಕಾಗ್ಲಿ ಮತ್ತು ಜೊತೆಗಾರರ ಪತ್ರ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ದೊಡ್ಡ ಹಿಮನದಿಗಳು ನೂರಾರು ಮೀಟರ್ ದಪ್ಪ ಇರುತ್ತವೆ, ತೆಳುವಾಗುವುದು ವರ್ಷಕ್ಕೆ ಸರಾಸರಿ ಅರ್ಧ ಮೀಟರಿನ ಆಸುಪಾಸು. ಇಪ್ಪತ್ತೈದು ಮೂವತ್ತು ವರ್ಷದಲ್ಲಿ ಪೂರ್ತಿ ಖಾಲಿಯಾಗೋದು ಹೇಗೆ, ನೀವೇ ಹೇಳಿ.

ಕರಡು ಹಂತದಲ್ಲೇ ಜಪಾನ್ ಸರಕಾರದ ಕಡೆಯಿಂದ ಈ ವಾಕ್ಯದ ಬಗ್ಗೆ ಪ್ರಶ್ನೆ ಬಂದಿತ್ತು. ಬರೆದವರು ಕಿವಿಗೆ ಹಾಕಿಕೊಳ್ಳಲಿಲ್ಲ. ಇದು ನಮಗೆ ಗೊತ್ತಾಗಿದ್ದು ಹೇಗೆ ಅಂದ್ರೆ, ಐಪಿಸಿಸಿ ತನ್ನ ಕರಡಿಗೆ ಬಂದ ಟೀಕೆಗಳನ್ನೂ ಅದಕ್ಕೆ ಕೊಟ್ಟ ಉತ್ತರಗಳನ್ನೂ ಪ್ರಕಟಿಸುತ್ತದೆ. ತನ್ನ ಮಾನ ಹೋಗುವ ದಾಖಲೆಯನ್ನು ತಾನೇ ಮೇಜಿನ ಮೇಲೆ ಇಟ್ಟಿರುತ್ತದೆ. ನಿಮಗೆ ಗೊತ್ತಿರುವ ಎಷ್ಟು ಸಂಸ್ಥೆಗಳು ಹೀಗೆ ಮಾಡುತ್ತವೆ?

ಈಗ ಚಿಕ್ಕಪ್ಪನ ಎರಡನೇ ಮೆಸೇಜಿಗೆ ಬರೋಣ. 2035 ತಪ್ಪು ಅಂತ ಗೊತ್ತಾದ ಮೇಲೆ ಹಿಮಾಲಯ ಕರಗುತ್ತಲೇ ಇಲ್ಲ ಅಂತ ಹೇಳಬಹುದಾ? ಇಲ್ಲ. ಶೀತಲ ಸಮರದ ಕಾಲದಲ್ಲಿ ಅಮೆರಿಕದ ಬೇಹುಗಾರಿಕೆ ಉಪಗ್ರಹಗಳು ಹಿಮಾಲಯದ ಮೇಲಿಂದಲೂ ಫೋಟೋ ತೆಗೆದಿದ್ದವು. ಆಮೇಲೆ ಗುಟ್ಟು ಬಿಟ್ಟುಕೊಟ್ಟ ಆ ಫೋಟೋಗಳನ್ನು ಹೊಸ ಉಪಗ್ರಹಗಳ ಚಿತ್ರದ ಪಕ್ಕ ಇಟ್ಟು, 650 ಹಿಮನದಿಗಳನ್ನು ಅಳೆದು, 2019ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 1975ರಿಂದ 2000ದವರೆಗೆ ಹೋದ ವೇಗಕ್ಕೆ ಹೋಲಿಸಿದರೆ 2000ದಿಂದ 2016ರವರೆಗೆ ಹಿಮ ಸುಮಾರು ಎರಡು ಪಟ್ಟು ವೇಗವಾಗಿ ಹೋಗಿದೆ. ಪರ್ವತ ಪ್ರದೇಶಗಳ ಅಧ್ಯಯನ ಮಾಡುವ ಕಠ್ಮಂಡುವಿನ ಐಸಿಮೋಡ್ ಸಂಸ್ಥೆ 2023ರಲ್ಲಿ ಕೊಟ್ಟ ಲೆಕ್ಕದಲ್ಲಿ, ಹಿಂದೂಕುಷ್ ಹಿಮಾಲಯದ ಹಿಮನದಿಗಳು 2011ರಿಂದ 2020ರ ನಡುವೆ ಅದರ ಹಿಂದಿನ ದಶಕಕ್ಕಿಂತ ಶೇ. 65ರಷ್ಟು ಹೆಚ್ಚು ವೇಗದಲ್ಲಿ ಕರಗಿವೆ. ಹಾಗಾಗಿ 2035 ತಪ್ಪು, ಕರಗುತ್ತಿರುವುದು ನಿಜ. ರೈನಾ ಅವರ ವರದಿ 2035ರ ಬಗ್ಗೆ ಅನುಮಾನ ಹುಟ್ಟಿಸಿದ್ದು ಸರಿ, ಆದರೆ ಅಂಥ ಅಸಹಜ ಕರಗುವಿಕೆ ಏನೂ ಕಾಣುತ್ತಿಲ್ಲ ಅನ್ನುವ ಅದರ ಧಾಟಿ ಆಮೇಲಿನ ಅಳತೆಗಳ ಮುಂದೆ ನಿಲ್ಲಲಿಲ್ಲ. ಒಂದೇ ವರದಿ ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು. ಹಾಗೆಯೇ ಇರುತ್ತದೆ.

ಇನ್ನೊಂದು ವಿಷಯ ಜನ ಗಮನಿಸುವುದೇ ಇಲ್ಲ. ಆ 2035 ಮೊದಲ ಸಂಪುಟದಲ್ಲಿ ಇರಲಿಲ್ಲ. ಅಲ್ಲಿ ಹಿಮನದಿಗಳ ಬಗ್ಗೆ ಬರೆದವರು ಹಿಮನದಿಗಳನ್ನೇ ಅಳೆಯುವ ಜನ. ಮುಂದೆ ಇರುವ ಸಾರಾಂಶದಲ್ಲೂ ಇರಲಿಲ್ಲ. ಎಲ್ಲೋ ಒಳಗಿನ ಪುಟದಲ್ಲಿ, ಆ ವಿಷಯದ ಪರಿಣತರಲ್ಲದವರು ಬರೆದ ಕಡೆ, ಜರ್ನಲ್ಲಿಗೆ ಬಾರದ ವರದಿಯನ್ನು ನೆಚ್ಚಿಕೊಂಡ ಜಾಗದಲ್ಲಿ ಇತ್ತು. ಅದಕ್ಕೇ ‘ಐಪಿಸಿಸಿ ಹೇಳಿದೆ’ ಅಂತ ಯಾರಾದರೂ ಅಂದರೆ ನಾನು ಯಾವ ಸಂಪುಟ ಅಂತ ಕೇಳುತ್ತೇನೆ. ಸುಮ್ನೆ ಕಿರಿಕಿರಿ ಮಾಡೋಕಲ್ಲ.

ಸರಿ, ಹಾಗಾದರೆ ಐಪಿಸಿಸಿ ನಂಬಬಹುದಾ? ಸದ್ಯಕ್ಕೆ ಅದಕ್ಕಿಂತ ಒಳ್ಳೆಯ ಮೊದಲ ಮೆಟ್ಟಿಲು ನನಗೆ ಕಂಡಿಲ್ಲ. 2021ರಲ್ಲಿ ಬಂದ ಆರನೇ ಸುತ್ತಿನ ಮೊದಲ ಸಂಪುಟವನ್ನು ಬರೆದವರು 234 ಜನ. ಅವರು ನೋಡಿದ್ದು 14 ಸಾವಿರಕ್ಕೂ ಹೆಚ್ಚು ಪ್ರಬಂಧ. ಕರಡಿಗೆ ಬಂದ ಟೀಕೆ ಟಿಪ್ಪಣಿ 78 ಸಾವಿರಕ್ಕೂ ಜಾಸ್ತಿ. ಎಲ್ಲದಕ್ಕೂ ಉತ್ತರ ಬರೆಯಬೇಕು. ಆಮೇಲೆ ಸಾರಾಂಶವನ್ನು ಸದಸ್ಯ ದೇಶಗಳ ಪ್ರತಿನಿಧಿಗಳು ಕೂತು ಒಂದೊಂದೇ ಸಾಲು ಓದಿ ಒಪ್ಪಬೇಕು. ಸರಕಾರಗಳು ಕೈ ಹಾಕಿದ ಮೇಲೆ ಅದು ರಾಜಕೀಯ ಆಯಿತಲ್ಲ ಅಂತ ಕೆಲವರು ಮೂಗು ಮುರಿಯುತ್ತಾರೆ. ಸ್ವಲ್ಪ ಯೋಚಿಸಿ, ಆ ಕೋಣೆಯಲ್ಲಿ ಸಮುದ್ರದಲ್ಲಿ ಮುಳುಗುವ ಭಯದ ಮಾಲ್ಡೀವ್ಸ್ ಇರುತ್ತದೆ, ಎಣ್ಣೆ ಮಾರಿ ಬದುಕುವ ಸೌದಿ ಅರೇಬಿಯಾ ಕೂಡ ಇರುತ್ತದೆ. ಇಬ್ಬರೂ ತಲೆಯಾಡಿಸಿದ ವಾಕ್ಯ ಭಯ ಹುಟ್ಟಿಸೋಕೆ ಬರೆದದ್ದಾಗಿರುವುದು ಕಷ್ಟ. ಬದಲಿಗೆ ತುಸು ಮೆತ್ತಗೇ ಆಗಿರುತ್ತದೆ. 2007ರ ವರದಿ ಸಮುದ್ರಮಟ್ಟದ ಏರಿಕೆ ಲೆಕ್ಕ ಹಾಕುವಾಗ, ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕಾದ ಹಿಮ ಮುಂದೆ ಇನ್ನೂ ವೇಗವಾಗಿ ಜಾರಬಹುದಾದ ಭಾಗವನ್ನು ಬಿಟ್ಟೇಬಿಟ್ಟಿತ್ತು, ಅದನ್ನು ಅಳೆಯುವಷ್ಟು ತಿಳಿವಳಿಕೆ ಆಗ ಇರಲಿಲ್ಲ ಅಂತ. ಹಿಮಾಲಯದಲ್ಲಿ ಜಾಸ್ತಿ ಹೇಳಿ ತಪ್ಪಿದ ಅದೇ ವರದಿ ಸಮುದ್ರದ ವಿಷಯದಲ್ಲಿ ಕಡಿಮೆ ಹೇಳಿತ್ತು.

ಅದರ ಭಾಷೆಯೂ ಮೊದಲ ಸಲ ಓದುವವರಿಗೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಕಾಣುತ್ತದೆ. ‘ಸಾಧ್ಯತೆ ಇದೆ’, ‘ತುಂಬಾ ಸಾಧ್ಯತೆ ಇದೆ’, ‘ಬಹುತೇಕ ಖಚಿತ’. ಆದರೆ ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕಟ್ಟಿದ್ದಾರೆ. ಮೊದಲನೆಯದಕ್ಕೆ ನೂರಕ್ಕೆ 66ಕ್ಕಿಂತ ಹೆಚ್ಚು, ಎರಡನೆಯದಕ್ಕೆ 90ಕ್ಕಿಂತ ಹೆಚ್ಚು, ಮೂರನೆಯದಕ್ಕೆ 99ಕ್ಕಿಂತ ಹೆಚ್ಚು. ಇಷ್ಟು ಅಳೆದು ಮಾತಾಡುವ ವರದಿ 2021ರಲ್ಲಿ, ಮನುಷ್ಯನಿಂದಲೇ ಭೂಮಿ ಬಿಸಿಯಾಗಿದೆ ಅನ್ನುವುದರಲ್ಲಿ ಅನುಮಾನವೇ ಇಲ್ಲ ಅಂತ ನೇರವಾಗಿ ಬರೆಯಿತು. ಈ ಪದಗಳನ್ನು ಪತ್ರಿಕೆಗಳು ಅನುವಾದ ಮಾಡುವಾಗ ಎಲ್ಲವೂ ‘ಸಾಧ್ಯತೆ ಇದೆ ಎನ್ನಲಾಗಿದೆ’ ಆಗಿಬಿಡುತ್ತದೆ. 66 ಎಲ್ಲಿ, 99 ಎಲ್ಲಿ!

ಪಿಯರ್ ರಿವ್ಯೂ ಅನ್ನುವ ಪದ ಕೇಳಿರುತ್ತೀರಿ. ಒಬ್ಬ ವಿಜ್ಞಾನಿ ಬರೆದದ್ದನ್ನು ಅದೇ ಕ್ಷೇತ್ರದ ಬೇರೆಯವರು ಓದಿ, ಹುಳುಕು ಹುಡುಕಿ, ತಿದ್ದಿಸಿ, ಆಮೇಲಷ್ಟೇ ಜರ್ನಲ್ಲಿನಲ್ಲಿ ಹಾಕುವ ಪದ್ಧತಿ. ಇದು ಗೇಟಿನಲ್ಲಿ ಟಿಕೆಟ್ ನೋಡುವವನ ಹಾಗೆ. ಟಿಕೆಟ್ ಇಲ್ಲದವರನ್ನು ತಡೆಯುತ್ತಾನೆ, ಒಳಗೆ ಹೋದವರೆಲ್ಲ ಒಳ್ಳೆಯವರು ಅಂತ ಗ್ಯಾರಂಟಿ ಕೊಡುವುದಿಲ್ಲ. ಗೇಟಿನವನೇ ಇಲ್ಲದ ಜರ್ನಲ್ಲುಗಳೂ ಬೇಕಾದಷ್ಟಿವೆ, ದುಡ್ಡು ಕೊಟ್ಟರೆ ಏನು ಬೇಕಾದರೂ ಹಾಕುತ್ತವೆ. 2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ ಬೇಕಂತಲೇ ತಪ್ಪು ತುಂಬಿದ ಒಂದು ನಕಲಿ ಪ್ರಬಂಧ ಬರೆದು 304 ಜರ್ನಲ್ಲುಗಳಿಗೆ ಕಳಿಸಿದರು. 157 ಒಪ್ಪಿಕೊಂಡವು. ಅದರಲ್ಲಿ ಭಾರತದಲ್ಲಿ ನೆಲೆ ಇದ್ದವೇ ಹೆಚ್ಚು, ನಾಚಿಕೆ ಆಗುತ್ತದೆ ಹೇಳೋಕೆ.

ಒಳ್ಳೆಯ ಜರ್ನಲ್ಲಿನಲ್ಲಿ ಬಂದದ್ದೂ ವರ್ಷಗಟ್ಟಲೆ ತಪ್ಪಾಗಿರಬಹುದು. 1990ರ ದಶಕದಲ್ಲಿ ಅಮೆರಿಕದ ಅಲಬಾಮಾದ ಇಬ್ಬರು ವಿಜ್ಞಾನಿಗಳು, ಜಾನ್ ಕ್ರಿಸ್ಟಿ ಮತ್ತು ರಾಯ್ ಸ್ಪೆನ್ಸರ್, ಉಪಗ್ರಹದ ದತ್ತಾಂಶ ಹಿಡಿದು ವಾತಾವರಣ ಬಿಸಿಯೇ ಆಗುತ್ತಿಲ್ಲ ಅಂತ ತೋರಿಸುತ್ತಿದ್ದರು. ಅನುಮಾನವಾದಿಗಳಿಗೆ ಹಬ್ಬ. 1998ರಲ್ಲಿ ಬೇರೆ ಇಬ್ಬರು ನೋಡಿದರು, ಉಪಗ್ರಹ ವರ್ಷ ವರ್ಷ ಚೂರುಚೂರೇ ಕೆಳಕ್ಕೆ ಜಾರುತ್ತಿದೆ, ಅದರ ಲೆಕ್ಕ ಇವರು ಹಿಡಿದಿಲ್ಲ. 2005ರಲ್ಲಿ ಇನ್ನೊಂದು ಸಿಕ್ಕಿತು. ಉಪಗ್ರಹ ಒಂದು ಜಾಗವನ್ನು ಹಾದುಹೋಗುವ ಹೊತ್ತು ಬದಲಾಗುವುದಕ್ಕೆ ತಿದ್ದುಪಡಿ ಮಾಡುವಾಗ ಕೂಡುವ ಕಡೆ ಕಳೆದಿದ್ದರು! ಸ್ಪೆನ್ಸರ್ ಮತ್ತು ಕ್ರಿಸ್ಟಿ ಒಪ್ಪಿಕೊಂಡು ತಿದ್ದಿದರು. ಇವತ್ತು ಅವರದೇ ದತ್ತಾಂಶದಲ್ಲೂ ಭೂಮಿ ಬಿಸಿಯಾಗುತ್ತಿರುವುದು ಕಾಣುತ್ತದೆ. ಹಾಗಾಗಿ ‘ಹೊಸ ಸಂಶೋಧನೆ ಎಲ್ಲವನ್ನೂ ತಲೆಕೆಳಗು ಮಾಡಿದೆ’ ಅನ್ನುವ ಸುದ್ದಿ ಬಂದರೆ ನಾನು ಅದನ್ನು ಒಂದಷ್ಟು ವರ್ಷ ಉಪ್ಪಿನಕಾಯಿ ಹಾಗೆ ಭರಣಿಯಲ್ಲಿ ಇಟ್ಟುಬಿಡುತ್ತೇನೆ. ಬೇರೆಯವರು, ಬೇರೆ ಉಪಕರಣದಿಂದ, ಬೇರೆ ದೇಶದಲ್ಲಿ ಅಳೆದಾಗಲೂ ಅದೇ ಉತ್ತರ ಬಂದರೆ ಆಗ ತೆಗೆದು ತಿನ್ನಬಹುದು. ಥರ್ಮಾಮೀಟರ್, ಉಪಗ್ರಹ, ಸಮುದ್ರದಲ್ಲಿ ತೇಲುವ ಆರ್ಗೋ ಯಂತ್ರಗಳು, ಕರಗುವ ಹಿಮ, ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ 1958ರಿಂದ ಬಿಡದೆ ಅಳೆಯುತ್ತಿರುವ ಇಂಗಾಲದ ಡೈಆಕ್ಸೈಡ್, ಇವೆಲ್ಲ ಒಂದನ್ನೊಂದು ಕೇಳಿಕೊಂಡು ಬರೆಯುವುದಿಲ್ಲ. ಆದರೂ ಒಂದೇ ಕತೆ ಹೇಳುತ್ತವೆ.

ಇನ್ನು ತಲೆ ಎಣಿಸುವ ಆಟ. ‘31 ಸಾವಿರ ವಿಜ್ಞಾನಿಗಳು ಸಹಿ ಹಾಕಿದ್ದಾರೆ, ಭೂಮಿ ಬಿಸಿಯಾಗುವುದು ಸುಳ್ಳು’ ಅನ್ನುವುದು ವರ್ಷಕ್ಕೊಮ್ಮೆಯಾದರೂ ಕಣ್ಣಿಗೆ ಬೀಳುತ್ತದೆ. ಇದು 1998ರಲ್ಲಿ ಅಮೆರಿಕದ ಆರಿಗನ್‌ನಿಂದ ಶುರುವಾದ ಮನವಿ. ಸಹಿ ಹಾಕೋಕೆ ವಿಜ್ಞಾನದಲ್ಲಿ ಒಂದು ಡಿಗ್ರಿ ಇದ್ದರೆ ಸಾಕು. ನಮ್ಮ ಲೆಕ್ಕದಲ್ಲಿ ಬಿಎಸ್ಸಿ, ಬಿಇ ಆದವರೆಲ್ಲ ವಿಜ್ಞಾನಿಗಳು, ಹಾಗೆ ನೋಡಿದರೆ ನಮ್ಮ ಬೀದಿಯಲ್ಲೇ ಇಪ್ಪತ್ತು ವಿಜ್ಞಾನಿಗಳಿದ್ದಾರೆ. ಕೀಟಲೆಗೆ ಯಾರೋ ಸ್ಪೈಸ್ ಗರ್ಲ್ಸ್ ತಂಡದ ಹಾಡುಗಾರ್ತಿಯ ಹೆಸರನ್ನೂ ಸೇರಿಸಿದ್ದರು. 31 ಸಾವಿರದಲ್ಲಿ ಹವಾಗುಣ ವಿಜ್ಞಾನ ಓದಿದವರು ಅಂತ ಅವರೇ ತೋರಿಸಿದ್ದು 39 ಜನ. ಮನವಿಯ ಜೊತೆ ಕಳಿಸಿದ ಪ್ರಬಂಧದ ಅಚ್ಚು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಜರ್ನಲ್ಲಿನ ಹಾಗೇ ಇತ್ತು, ನಮಗೂ ಇದಕ್ಕೂ ಸಂಬಂಧ ಇಲ್ಲ ಅಂತ ಅಕಾಡೆಮಿಯೇ ಹೇಳಿಕೆ ಕೊಡಬೇಕಾಯಿತು.

ಈ ಕಡೆಯವರು ಹೇಳುವ ‘ನೂರಕ್ಕೆ 97 ವಿಜ್ಞಾನಿಗಳು’ ಅನ್ನುವುದನ್ನೂ ಬಿಡಿಸಿ ನೋಡಬೇಕು. ಆ ಅಂಕಿ ಬಂದ 2013ರ ಅಧ್ಯಯನ ಎಣಿಸಿದ್ದು ಮುಖ್ಯವಾಗಿ ಪ್ರಬಂಧಗಳ ಸಾರಾಂಶಗಳನ್ನು, ಸುಮಾರು 12 ಸಾವಿರ. ಅದರಲ್ಲಿ ಮೂರರಲ್ಲಿ ಎರಡು ಪಾಲು, ಮನುಷ್ಯ ಕಾರಣವೋ ಅಲ್ಲವೋ ಅನ್ನುವ ಮಾತನ್ನೇ ಎತ್ತಿರಲಿಲ್ಲ. ಎತ್ತಿದವುಗಳಲ್ಲಿ ನೂರಕ್ಕೆ 97 ಹೌದು ಅಂದವು. ಎತ್ತದವನ್ನು ‘ಒಪ್ಪಿಲ್ಲ’ ಅಂತ ಎಣಿಸುವವರೂ ಇದ್ದಾರೆ, ಅದು ಮೋಸದ ಎಣಿಕೆ. ಹೃದಯದ ಡಾಕ್ಟರ್ ತನ್ನ ಪ್ರತಿ ಪ್ರಬಂಧದಲ್ಲೂ ರಕ್ತ ಹರಿಯುತ್ತದೆ ಅಂತ ಬರೆಯುತ್ತಾ ಕೂರುವುದಿಲ್ಲವಲ್ಲ.

ದೊಡ್ಡ ಹೆಸರು ಕೂಡ ಇಲ್ಲಿ ಜಾಸ್ತಿ ಕೆಲಸಕ್ಕೆ ಬರುವುದಿಲ್ಲ. ಐವರ್ ಗೀವರ್ ಅವರಿಗೆ 1973ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು, ಸೂಪರ್‌ಕಂಡಕ್ಟರುಗಳ ಮೇಲಿನ ಕೆಲಸಕ್ಕೆ. ಹವಾಮಾನ ಬದಲಾವಣೆಯನ್ನು ಅವರು ಒಪ್ಪುತ್ತಿರಲಿಲ್ಲ, ಅವರ ಭಾಷಣ ಈಗಲೂ ಓಡಾಡುತ್ತದೆ. ಈ ವಿಷಯಕ್ಕಾಗಿ ಒಂದು ದಿನವೋ, ಅರ್ಧ ದಿನವೋ ಗೂಗಲ್‌ನಲ್ಲಿ ನೋಡಿದೆ ಅಂತ 2012ರಲ್ಲಿ ಜರ್ಮನಿಯ ಲಿಂಡೌನಲ್ಲಿ ನೊಬೆಲ್ ಪಡೆದವರು ಸೇರುವ ಸಭೆಯಲ್ಲಿ ಅವರೇ ಹೇಳಿಕೊಂಡಿದ್ದಾರೆ. ಅಷ್ಟು ಹೊತ್ತು ನಮ್ಮ ಚಿಕ್ಕಪ್ಪನೂ ನೋಡಿರುತ್ತಾರೆ.

ದುಡ್ಡು ಯಾರದ್ದು ಅಂತ ಕೇಳಬೇಕು, ಆದರೆ ಅಲ್ಲಿಗೇ ನಿಲ್ಲಿಸಬಾರದು. ಆರಿಗನ್ ಮನವಿಗೆ ಪರಿಚಯದ ಪತ್ರ ಬರೆದ ಫ್ರೆಡರಿಕ್ ಸೈಟ್ಸ್ ದೊಡ್ಡ ಭೌತವಿಜ್ಞಾನಿ, ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಮಾಜಿ ಅಧ್ಯಕ್ಷ. ಅದಕ್ಕೂ ಮೊದಲು ಅವರು ಆರ್.ಜೆ. ರೆನಾಲ್ಡ್ಸ್ ಸಿಗರೇಟ್ ಕಂಪನಿಗೆ ಸಲಹೆಗಾರರಾಗಿದ್ದರು. ಇದನ್ನು ತಿಳಿದ ಮೇಲೆ ಪತ್ರವನ್ನು ಎರಡು ಸಲ ಓದಬೇಕು ಅನಿಸುತ್ತದೆ, ನಿಜ. ಆದರೆ ಎಣ್ಣೆ ಕಂಪನಿ ಎಕ್ಸಾನ್‌ನ ಸ್ವಂತ ವಿಜ್ಞಾನಿಗಳು 1977ರಿಂದಲೇ ಮಾಡಿದ ಲೆಕ್ಕಗಳನ್ನು 2023ರಲ್ಲಿ ಯಾರೋ ಕೂತು ಪರೀಕ್ಷೆ ಮಾಡಿದರೆ, ಅವರ ಅಂದಾಜುಗಳಲ್ಲಿ ನೂರಕ್ಕೆ 63ರಿಂದ 83ರಷ್ಟು ಸರಿಯಾಗಿದ್ದವು. ಕಂಪನಿ ಹೊರಗೆ ಹೇಳುತ್ತಿದ್ದದ್ದೇ ಬೇರೆ, ಬಿಡಿ. ಇನ್ನೊಂದು ಉದಾಹರಣೆ, ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್. ತಾಪಮಾನದ ದಾಖಲೆಗಳ ಮೇಲೆ ಅವರಿಗೆ ಅನುಮಾನ ಇತ್ತು. ತಂಡ ಕಟ್ಟಿ ಎಲ್ಲವನ್ನೂ ಮೊದಲಿನಿಂದ ಲೆಕ್ಕ ಹಾಕಿದರು, ಅದಕ್ಕೆ ಸಿಕ್ಕ ಹಣದಲ್ಲಿ ಒಂದು ಪಾಲು ಎಣ್ಣೆ ಉದ್ಯಮದ ಕೋಕ್ ಕುಟುಂಬದ ಪ್ರತಿಷ್ಠಾನದ್ದು. 2012ರಲ್ಲಿ ಅವರೇ ಬರೆದರು, ಭೂಮಿ ಬಿಸಿಯಾಗಿರುವುದು ನಿಜ, ಕಾರಣ ಮನುಷ್ಯ ಅಂತ. ದತ್ತಾಂಶ, ಲೆಕ್ಕದ ವಿಧಾನ ಎಲ್ಲ ಬಿಚ್ಚಿಟ್ಟಿದ್ದರಿಂದ ದುಡ್ಡು ಯಾರು ಕೊಟ್ಟರು ಅನ್ನುವುದು ಕೊನೆಗೆ ಮುಖ್ಯ ಆಗಲೇ ಇಲ್ಲ.

ನಮಗೆಲ್ಲ ಸುದ್ದಿ ಬರುವುದು ಜರ್ನಲ್ಲಿನಿಂದ ಅಲ್ಲ, ಪತ್ರಿಕೆ, ಟಿವಿ, ಫೋನಿನಿಂದ. ಅಲ್ಲಿ ಆಗುವ ಎಡವಟ್ಟಿಗೆ ಮಂಗಳೂರಿನ ಉದಾಹರಣೆ ಸಾಕು. 2021ರ ಆಗಸ್ಟಿನಲ್ಲಿ, ಐಪಿಸಿಸಿ ಅಂಕಿಗಳನ್ನಿಟ್ಟುಕೊಂಡು ಯಾವ ಕರಾವಳಿಯಲ್ಲಿ ಸಮುದ್ರಮಟ್ಟ ಎಷ್ಟು ಏರಬಹುದು ಅಂತ ತೋರಿಸುವ ನಕ್ಷೆಯೊಂದನ್ನು ನಾಸಾ ಆನ್‌ಲೈನಿನಲ್ಲಿ ಹಾಕಿತು. ಮರುದಿನದಿಂದಲೇ ‘ಶತಮಾನದ ಕೊನೆಗೆ ಮಂಗಳೂರು ಸೇರಿ ಭಾರತದ 12 ನಗರಗಳು ಮೂರು ಅಡಿ ನೀರಲ್ಲಿ’ ಅಂತ ಶುರುವಾಯಿತು. ನಕ್ಷೆಯಲ್ಲಿ ಮಂಗಳೂರಿಗೆ ಇದ್ದದ್ದು ಎರಡು ಅಡಿಗೂ ತುಸು ಕಡಿಮೆ. ಅದು ಸಮುದ್ರದ ಮಟ್ಟ ಏರುವ ಲೆಕ್ಕ, ಊರಿನ ಯಾವ ಬೀದಿ ಎಷ್ಟು ಎತ್ತರದಲ್ಲಿದೆ ಅನ್ನುವುದು ಅದರಲ್ಲಿ ಇಲ್ಲವೇ ಇಲ್ಲ. ಕದ್ರಿ ಗುಡ್ಡ ಮುಳುಗುವುದಿಲ್ಲ ಮಾರಾಯ್ರೇ. ಉಳ್ಳಾಲದ ಕಡಲ್ಕೊರೆತ ನಿಜ, ಸಮುದ್ರ ಎರಡು ಅಡಿ ಏರಿದರೆ ಅಲ್ಲಿನವರ ಗತಿ ಏನು ಅನ್ನುವುದು ನಿಜವಾದ ಸುದ್ದಿ. ಆದರೆ ಮುಳುಗಿದ ನಗರದ ಗ್ರಾಫಿಕ್ಸ್ ಮುಂದೆ ಅದನ್ನು ಯಾರು ನೋಡುತ್ತಾರೆ?

ಮಳೆ ಬಂದು ಊರು ಮುಳುಗಿದಾಗ ಇನ್ನೊಂದು ಗೊಂದಲ. ಎಲ್ಲವೂ ಹವಾಮಾನ ಬದಲಾವಣೆ ಅನ್ನುವುದು ಅಧಿಕಾರದಲ್ಲಿ ಇರುವವರಿಗೂ ಅನುಕೂಲ, ರಾಜಕಾಲುವೆ ನುಂಗಿದ ವಿಷಯ ಮರೆತುಹೋಗುತ್ತದೆ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸಂಬಂಧ ಇದೆಯಾ ಅಂತ ಲೆಕ್ಕ ಹಾಕಿ ಹೇಳುವ ವಿಜ್ಞಾನಿಗಳ ತಂಡವೊಂದಿದೆ, ವರ್ಲ್ಡ್ ವೆದರ್ ಅಟ್ರಿಬ್ಯೂಷನ್ ಅಂತ. ಬಿಸಿಯಾಗದ ಭೂಮಿ ಇದ್ದಿದ್ದರೆ ಇಂಥ ಮಳೆ ಎಷ್ಟು ಸಲ ಬರುತ್ತಿತ್ತು, ಈಗ ಎಷ್ಟು ಸಲ ಅಂತ ಕಂಪ್ಯೂಟರ್ ಮಾದರಿಗಳಲ್ಲಿ ಹೋಲಿಸುತ್ತಾರೆ. 2022ರ ಮಾರ್ಚ್ ಏಪ್ರಿಲ್‌ನಲ್ಲಿ ಉತ್ತರ ಭಾರತ ಬೆಂದಿತಲ್ಲ, ಆ ಬಿಸಿಗಾಳಿಯ ಸಾಧ್ಯತೆ ಹವಾಮಾನ ಬದಲಾವಣೆಯಿಂದ 30 ಪಟ್ಟು ಹೆಚ್ಚಿತ್ತು ಅಂದರು. 2024ರ ಜುಲೈನ ವಯನಾಡಿನ ಮಳೆ ಸುಮಾರು ಶೇ. 10ರಷ್ಟು ಜೋರಾಗಿತ್ತು ಅಂದರು, ಜೊತೆಗೇ ಇಂಥ ಗುಡ್ಡಗಾಡಿನಲ್ಲಿ ಮಾದರಿಗಳ ಮೇಲೆ ಪೂರ್ತಿ ಭರವಸೆ ಇಡುವ ಹಾಗಿಲ್ಲ ಅಂತಲೂ ಹೇಳಿದರು. 2015ರಲ್ಲಿ ಚೆನ್ನೈ ಮುಳುಗಿದಾಗ ಮಾತ್ರ ಸ್ಪಷ್ಟವಾದ ಸಂಬಂಧ ನಮಗೆ ಕಾಣಲಿಲ್ಲ ಅಂತ ಬರೆದರು. ನನಗೆ ಈ ತಂಡದ ಮೇಲೆ ನಂಬಿಕೆ ಬಂದದ್ದೇ ಆ ಚೆನ್ನೈ ಉತ್ತರದಿಂದ. ‘ಇಲ್ಲ’ ಅನ್ನೋಕೂ ಬರುವ ಬಾಯಿ ‘ಹೌದು’ ಅಂದಾಗ ಅದಕ್ಕೆ ತೂಕ ಇರುತ್ತದೆ.

ಭಯ ಹುಟ್ಟಿಸುವವರನ್ನೂ ಬಿಡಬಾರದು. ಬ್ರಿಟನ್ನಿನ ಪೀಟರ್ ವಾಡಮ್ಸ್ ಧ್ರುವದ ಹಿಮ ಅಧ್ಯಯನ ಮಾಡಿದ ನಿಜವಾದ ತಜ್ಞ. ಆರ್ಕ್ಟಿಕ್ ಸಮುದ್ರದ ಬೇಸಿಗೆ ಹಿಮ 2015, 2016ರ ಹೊತ್ತಿಗೆ ಖಾಲಿಯಾಗುತ್ತದೆ ಅಂತ 2012ರಲ್ಲಿ ಹೇಳಿದರು. ಆಗಲಿಲ್ಲ. ಅವರ ಜೊತೆಯ ಹೆಚ್ಚಿನ ತಜ್ಞರು ಆಗಲೂ ಒಪ್ಪಿರಲಿಲ್ಲ, ಆದರೆ ಒಪ್ಪದವರ ಮಾತು ತಲೆಬರಹ ಆಗುವುದಿಲ್ಲವಲ್ಲ.

ಫೋಟೋಗಳ ಬಗ್ಗೆ ಒಂದು ಮಾತು. ಪೆಂಗ್ವಿನ್ ನಿಂತಿರುವ ಟೈಮ್ ಪತ್ರಿಕೆಯ ಮುಖಪುಟ ನೋಡಿರಬಹುದು, ‘ಬರಲಿದೆ ಹಿಮಯುಗ’ ಅಂತ, 1977ರದ್ದು ಅಂತ. ಆಗ ಹಿಮಯುಗ ಅಂದ್ರು, ಈಗ ಬಿಸಿ ಅಂತಾರೆ ಅಂತ ನಗೋಕೆ. ಅದು ಫೋಟೋಶಾಪ್. ನಿಜವಾದ ಮುಖಪುಟ 2007ರ ಏಪ್ರಿಲ್‌ನದ್ದು, ವಿಷಯ ಭೂಮಿಯ ಬಿಸಿ. 70ರ ದಶಕದಲ್ಲಿ ಕೆಲವು ಪತ್ರಿಕೆಗಳು ತಣ್ಣಗಾಗುವ ಭೂಮಿಯ ಬಗ್ಗೆ ಬರೆದದ್ದು ಉಂಟು. ಆದರೆ 1965ರಿಂದ 1979ರವರೆಗಿನ ವಿಜ್ಞಾನ ಪ್ರಬಂಧಗಳನ್ನು ಆಮೇಲೆ ಎಣಿಸಿದಾಗ ತಣ್ಣಗಾಗುತ್ತದೆ ಅಂದವು 7, ಬಿಸಿಯಾಗುತ್ತದೆ ಅಂದವು 44.

ಗ್ರಾಫ್ ಆದರೆ ಅದು ಶುರುವಾಗುವ ವರ್ಷ ನೋಡಿ. ‘1998ರಿಂದ ಭೂಮಿ ಬಿಸಿಯಾಗಿಲ್ಲ’ ಅನ್ನುವುದು ಬಹಳ ಕಾಲ ಓಡಿತು. 1998 ಜೋರಾದ ಎಲ್ ನಿನೋ ವರ್ಷ, ಅಂದ್ರೆ ಶಾಂತಸಾಗರದ ನೀರು ಮಾಮೂಲಿಗಿಂತ ಬಿಸಿಯಾಗುವ ವರ್ಷ, ಆ ಮಟ್ಟಿಗೆ ವಿಪರೀತ ಬಿಸಿ. ಅಲ್ಲಿಂದ ಗೆರೆ ಎಳೆದರೆ ಮುಂದಿನದೆಲ್ಲ ಚಪ್ಪಟೆ. 1997ರಿಂದಲೋ 1999ರಿಂದಲೋ ಎಳೆದು ನೋಡಿ, ಬೇರೆ ಚಿತ್ರ. ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಸಾಕು, ಹವಾಗುಣಕ್ಕೆ ಕಡಿಮೆ ಅಂದ್ರೂ ಮೂವತ್ತು ವರ್ಷದ ಅಗುಳು ಬೇಕು. ಇವತ್ತು ಬೆಂಗಳೂರಲ್ಲಿ ಸ್ವೆಟರ್ ಹಾಕಿಕೊಂಡ ಕೂಡಲೇ ಏನೂ ಸಾಬೀತಾಗುವುದಿಲ್ಲ.

ಭಾರತದ ಲೆಕ್ಕ ಬೇಕಾದಾಗ ನಾನು ಮೊದಲು ತೆಗೆಯುವುದು ಕೇಂದ್ರದ ಭೂವಿಜ್ಞಾನ ಸಚಿವಾಲಯ 2020ರಲ್ಲಿ ತಂದ ವರದಿಯನ್ನು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ (ಐಐಟಿಎಂ) ವಿಜ್ಞಾನಿಗಳು ಮುಂದೆ ನಿಂತು ಮಾಡಿದ ಕೆಲಸ ಅದು. 1901ರಿಂದ 2018ರ ನಡುವೆ ದೇಶದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಏರಿದೆ, 1951ರಿಂದ 2015ರ ನಡುವೆ ಮುಂಗಾರು ಮಳೆ ಶೇ. 6ರಷ್ಟು ಇಳಿದಿದೆ, ಅದರಲ್ಲೂ ಗಂಗಾ ಬಯಲು ಮತ್ತು ಪಶ್ಚಿಮ ಘಟ್ಟದಲ್ಲಿ, ಅಂತೆಲ್ಲ ಅದರಲ್ಲಿದೆ. ನಮ್ಮ ತಾಲ್ಲೂಕಿನಲ್ಲಿ ಮಳೆ ಎಷ್ಟು ಬಂತು ಅನ್ನೋಕೆ ಹವಾಮಾನ ಇಲಾಖೆಯ ದಾಖಲೆಯೂ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಮಳೆಮಾಪಕಗಳೂ ಇವೆ. ಹಿಮಾಲಯದ ಬಗ್ಗೆಯಾದರೆ ದೂರ ಹೋಗಬೇಕಿಲ್ಲ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದಲ್ಲೇ ಹಿಮನದಿಗಳ ಮೇಲೆ ಕೆಲಸ ಮಾಡಿದವರಿದ್ದಾರೆ.

ಇಷ್ಟನ್ನೂ ಚಿಕ್ಕಪ್ಪನಿಗೆ ಫೋನಿನಲ್ಲಿ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡರು. ರಾತ್ರಿ ಮೆಸೇಜ್ ಬಂತು, ‘2350 ಅಂತ ಬರೆಯೋಕೆ ಹೋಗಿ ಅಂಕಿ ತಿರುಗುಮುರುಗಾಗಿ 2035 ಆಯ್ತಂತಲ್ಲ, ಎಲ್ಲೋ ಓದಿದೆ. ಆ 2350 ಎಲ್ಲಿಂದ ಬಂತು?’

ಮೂಲ ಕೇಳಿದರು ನೋಡಿ! ಖುಷಿಯಿಂದ ಉತ್ತರ ಟೈಪ್ ಮಾಡಿದೆ. ತಿರುಗುಮುರುಗಾದ ಕತೆ ಒಂದು ಊಹೆ ಚಿಕ್ಕಪ್ಪ, ಆದರೆ 2350 ಅನ್ನುವುದು ಇರುವುದು ನಿಜ. 1996ರಲ್ಲಿ ಯುನೆಸ್ಕೋ ತಂದ ಒಂದು ವರದಿಯಲ್ಲಿದೆ, ರಷ್ಯಾದ ಕೊಟ್ಲ್ಯಾಕೊವ್ ಸಂಪಾದಿಸಿದ್ದು. ಆ 5 ಲಕ್ಷ, 1 ಲಕ್ಷ ಚದರ ಕಿಲೋಮೀಟರಿನ ಲೆಕ್ಕವೂ ಅದರದ್ದೇ. ಅದು ಹಿಮಾಲಯದ್ದೇ ಅಲ್ಲ, ಧ್ರುವಗಳನ್ನು ಬಿಟ್ಟು ಇಡೀ ಭೂಮಿಯ ಮೇಲಿರುವ ಹಿಮನದಿಗಳೆಲ್ಲದರ ಲೆಕ್ಕ.

ಕೈಮುಗಿದ ಇಮೋಜಿ ಬಂತು.